ಜಂಟಿ ಖಾತೆ

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ವಾಕಿಂಗ್ ಮುಗಿಸಿ, ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದಾಗ ಊರಿನಿಂದ ಅಣ್ಣನ ಫೋನು ಬಂತು. ಅವನು ಫೋನು ಮಾಡಬೇಕಾದರೆ ಮನೆಯ ಹಿಂದಿನ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಲ್ಲಬೇಕು. ಹಾಗಾಗಿ ಸುಮ್ಮನೆ ಮಾತಾಡಲು ಫೋನು ಮಾಡುವವನಲ್ಲ.

"ಅರ್ಜಿ ಕೊಡೋದು ಅಂತ ಮಾಡಿದೀವಿ ಮಾರಾಯ. ಖಾತೆ ಜಂಟಿ ಇದೆಯಲ್ಲ, ನಿನ್ನ ಸೈನೂ ಬೇಕಂತೆ. ಮಳೆ ಹಿಡಿಯೋದರೊಳಗೆ ಒಂದು ಸಲ ಬಂದು ಹೋಗು" ಎಂದ.

ಅರ್ಜಿ ಎಂದರೆ ಏನು ಎಂದು ಕೇಳಬೇಕಾಗಿರಲಿಲ್ಲ. ನಮ್ಮ ಮನೆ, ಎರಡು ಎಕರೆ ಗದ್ದೆ, ಅಡಿಕೆ ತೋಟ, ಒಂದಿಷ್ಟು ಕಾಫಿ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ. ಜಮೀನನ್ನೂ ಮರಗಳನ್ನೂ ಎಣಿಸಿ, ಬೆಲೆ ಕಟ್ಟಿ, ಪರಿಹಾರ ಕೊಡುತ್ತಾರೆ. ನಾವು ಹೊರಗೆ ಹೋಗಬೇಕು. ಸ್ವಇಚ್ಛೆಯಿಂದ. ಕಾಗದದಲ್ಲಿ ಆ ಪದ ಇದ್ದೇ ಇರುತ್ತದೆ.

ನನ್ನ ಬಾಯಿಂದ ಮೊದಲು ಬಂದದ್ದು "ಬೇಡ" ಎಂಬ ಮಾತು. ಆ ಕಡೆಯಿಂದ ಸ್ವಲ್ಪ ಹೊತ್ತು ಗಾಳಿಯ ಶಬ್ದ ಮಾತ್ರ ಕೇಳಿತು. ಆಮೇಲೆ ಅಣ್ಣ, "ಯಾಕೆ ಬೇಡ, ಅದನ್ನ ಹೇಳು" ಎಂದ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ನಮ್ಮ ಊರು ಎಂದರೆ ಆರು ಮನೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳುವುದಿಲ್ಲ. ಬಸ್ಸು ಇಳಿದ ಮೇಲೆ ಜೀಪು ಹೋಗುವಷ್ಟು ದೂರ ಜೀಪು, ಅಲ್ಲಿಂದ ಮುಂದೆ ಕಾಲು. ನಡುವೆ ಒಂದು ಹಳ್ಳ. ಅದಕ್ಕೆ ಪ್ರತಿ ವರ್ಷ ಮಳೆಗಾಲದ ಮೊದಲು ಅಡಿಕೆ ಮರದ ಸಂಕ ಹಾಕುತ್ತೇವೆ, ಪ್ರತಿ ವರ್ಷ ಜುಲೈಯಲ್ಲಿ ಅದು ತೇಲಿಹೋಗುತ್ತದೆ. ಹಳ್ಳದ ನೀರಿಗೇ ಸಣ್ಣ ಟರ್ಬೈನ್ ಕೂರಿಸಿಕೊಂಡು ನಾಲ್ಕು ಬಲ್ಬು ಉರಿಸುತ್ತೇವೆ. ಅಮ್ಮನಿಗೆ ಕೊನೆಯ ಸಲ ಹುಷಾರು ತಪ್ಪಿದಾಗ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ ಹೊತ್ತುಕೊಂಡು ಹೋದರು. ಹೊತ್ತವರು ಅಣ್ಣ, ಅಣ್ಣನ ಮಗ, ಪಕ್ಕದ ಮಲೆಕುಡಿಯರ ಮನೆಯ ಇಬ್ಬರು. ನಾನು ಆಗ ಅಂಧೇರಿಯ ಆಫೀಸಿನಲ್ಲಿ ಕೂತು ಮಂಗಳೂರಿನ ಆಸ್ಪತ್ರೆಗಳ ನಂಬರು ಹುಡುಕುತ್ತಿದ್ದೆ.

ಉದ್ಯಾನದೊಳಗೆ ರಸ್ತೆ ಮಾಡುವುದು, ಕಂಬ ಹಾಕುವುದು ಸುಲಭವಲ್ಲ. ಅನುಮತಿಯ ಕಾಗದ ಎಷ್ಟೋ ಮೇಜು ಹತ್ತಿ ಇಳಿಯಬೇಕು. ಕಾಡನ್ನು ಕಾಯಲು ಮಾಡಿದ ಕಾನೂನು ಹಾಗಿರಲೇಬೇಕು ಎಂದು ಒಪ್ಪುತ್ತೇನೆ. ಒಂದು ರಸ್ತೆ ಬಂದರೆ ಅದರ ಹಿಂದೆ ಏನೆಲ್ಲ ಬರುತ್ತದೆ ಎಂಬುದನ್ನು ಚಿಕ್ಕಮಗಳೂರು, ಕೊಡಗಿನ ಇಂದಿನ ಗುಡ್ಡಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಆದರೆ ರಸ್ತೆಯಿಲ್ಲದ ಜಾಗದಲ್ಲಿ ಇಪ್ಪತ್ತೈದು ವರ್ಷ ಕಾದವನ ಮುಂದೆ ಕಾಗದ ಇಟ್ಟು "ನಿನ್ನ ಇಚ್ಛೆ ಏನು" ಎಂದರೆ, ಅವನು ಕೊಡುವ ಉತ್ತರವನ್ನು ಇಚ್ಛೆ ಎನ್ನಬಹುದೇ? ಬಾವಿಯ ನೀರು ಬತ್ತಿದ ಮೇಲೆ "ನೀನು ಇಲ್ಲೇ ಇರುತ್ತೀಯೋ, ಹೋಗುತ್ತೀಯೋ" ಎಂದು ಕೇಳಿದ ಹಾಗೆ. ಕೇಳಿದವನು ಸುಳ್ಳು ಹೇಳಿಲ್ಲ, ಒತ್ತಾಯವನ್ನೂ ಮಾಡಿಲ್ಲ.

ಒಪ್ಪಿಗೆ ನಿಜವೋ ಅಲ್ಲವೋ ಎಂದು ತಿಳಿಯಲು "ಹೌದು" ಎಂದವರನ್ನು ನೋಡಿದರೆ ಸಾಲದು. "ಇಲ್ಲ" ಎಂದವನ ಗತಿ ಏನಾಯಿತು ಎಂದು ನೋಡಬೇಕು. ಇಲ್ಲ ಎಂದ ಮೇಲೂ ಅವನ ಮನೆಗೆ ಆಂಬುಲೆನ್ಸ್ ಬರುತ್ತದೆ, ಅವನ ಮಗಳು ಶಾಲೆಗೆ ಹೋಗಬಹುದು ಎಂದಿದ್ದರೆ, ಪಕ್ಕದ ಮನೆಯವನ ಹೌದು ಎಂಬ ಮಾತಿಗೂ ತೂಕ ಬರುತ್ತದೆ.

ಇದು ಕಾನೂನಿಗೆ ಗೊತ್ತಿಲ್ಲದ ವಿಷಯವೇನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಓದಿದರೆ, ಕ್ರಮ ಸ್ಪಷ್ಟವಾಗಿದೆ: ವನ್ಯಜೀವಿಗಳಿಗಾಗಿ ಜನರನ್ನು ಕದಲಿಸಬೇಕಾದರೆ ಮೊದಲು ಅವರ ಹಕ್ಕನ್ನು ಗುರುತಿಸಬೇಕು, ಒಟ್ಟಿಗೆ ಬದುಕುವ ದಾರಿ ಇಲ್ಲ ಎಂದು ಖಚಿತವಾಗಬೇಕು, ಆಮೇಲೆ ಗ್ರಾಮಸಭೆಯ ಮುಕ್ತ, ತಿಳಿದುಕೊಟ್ಟ ಒಪ್ಪಿಗೆ. ಮೊದಲು ಹಕ್ಕು, ಆಮೇಲೆ ಆಯ್ಕೆ. ಕಾಡಿನ ಹಳ್ಳಿಗಳಲ್ಲಿ ಅನೇಕ ಕಡೆ ಇದು ತಲೆಕೆಳಗಾಗಿ ನಡೆದಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಸಾಕ್ಷಿ ತೋರಿಸಬೇಕು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕಂದಾಯ ರಸೀದಿಗಳಿದ್ದವು. ಗೆದ್ದಲು ಅರ್ಧ ತಿಂದಿದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತರಾದವರನ್ನು ಕಾಡಿನಿಂದ ಹೊರಹಾಕುವಂತೆ ರಾಜ್ಯಗಳಿಗೆ ಹೇಳಿತು. ಎರಡು ವಾರದಲ್ಲಿ, 28ರಂದು, ಅದಕ್ಕೆ ತಾನೇ ತಡೆ ಕೊಟ್ಟಿತು. ಆ ಎರಡು ವಾರ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳ ಹಿಂದಿನ ಮನೆಗಳಲ್ಲಿ ಯಾರು ನಿದ್ದೆ ಮಾಡಿರಬಹುದು ಎಂದು ನಾನು ಆಗ ಯೋಚಿಸಿರಲಿಲ್ಲ. ಮುಂಬೈಯಲ್ಲಿ ಆ ದಿನಗಳಲ್ಲಿ ಎಲ್ಲರೂ ಬಾಲಾಕೋಟ್ ಸುದ್ದಿ ನೋಡುತ್ತಿದ್ದೆವು.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ "ಬೇಡ" ಎಂಬ ಮಾತಿಗೆ ಒಳ್ಳೆಯ ಕಾರಣ ಸಿಕ್ಕಂತಾಗುತ್ತದೆ. ಆದರೆ ಅಲ್ಲಿ ನನಗೇ ಒಂದು ತೊಡಕು. ನಾನು 1998ರಲ್ಲಿ ಊರು ಬಿಟ್ಟೆ. ಯಾಕೆ ಬಿಟ್ಟೆ? ರಸ್ತೆಯಿರಲಿಲ್ಲ, ಓದಿದ್ದಕ್ಕೆ ಕೆಲಸ ಇರಲಿಲ್ಲ, ಇಬ್ಬರು ಗಂಡುಮಕ್ಕಳಿಗೆ ಆ ಎರಡು ಎಕರೆ ಸಾಲುತ್ತಿರಲಿಲ್ಲ. ಅಣ್ಣನ ಮುಂದೆ ಇಂದು ಇರುವ ಕಾರಣಗಳೇ ಅಂದು ನನ್ನ ಮುಂದೆಯೂ ಇದ್ದವು. ಯಾರೂ ನನ್ನ ಒಪ್ಪಿಗೆ ಪತ್ರ ಕೇಳಲಿಲ್ಲ, ಯಾರೂ ಪರಿಹಾರ ಕೊಡಲಿಲ್ಲ, ಯಾರೂ ಅದನ್ನು ಒಕ್ಕಲೆಬ್ಬಿಸುವಿಕೆ ಎನ್ನಲಿಲ್ಲ. ಊರಲ್ಲಿ "ಹುಡುಗ ಬಾಂಬೆಗೆ ಹೋಗಿ ಉದ್ಧಾರ ಆದ" ಎಂದರು. ಇದನ್ನು ಓದುತ್ತಿರುವ ಪುಣೆಯ, ಹೈದರಾಬಾದಿನ, ಚೆನ್ನೈಯ ಅನೇಕರ ಕಥೆಯೂ ಹೆಚ್ಚುಕಡಿಮೆ ಇದೇ ಇರಬೇಕು. ನಮ್ಮದು ಸ್ವಇಚ್ಛೆ ಆದರೆ ಅಣ್ಣನದು ಯಾಕಲ್ಲ?

ಒಂದು ವ್ಯತ್ಯಾಸ ಇದೆ ಎಂದು ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ನಾನು ಬಿಟ್ಟು ಬಂದಾಗ ಮನೆ ಅಲ್ಲೇ ಇತ್ತು. ಮುಂಬೈಯಲ್ಲಿ ಏನಾದರೂ ಆದರೆ ಮತ್ಸ್ಯಗಂಧ ಹತ್ತಿ, ಉಡುಪಿಯಲ್ಲಿ ಇಳಿದು, ಕಾರ್ಕಳದ ಮೇಲೆ ಘಟ್ಟ ಹತ್ತಿದರೆ ಬಾಗಿಲು ತೆರೆಯುವವರಿದ್ದರು. ನನ್ನ ಹೋಗುವಿಕೆಗೆ ಹಿಂತಿರುಗುವ ದಾರಿ ಇತ್ತು. ಅಣ್ಣ ಅಲ್ಲಿ ಉಳಿದುಕೊಂಡದ್ದರಿಂದ ಆ ದಾರಿ ಇತ್ತು. ಈಗ ಅವನು ಸಹಿ ಹಾಕಿದರೆ ಮನೆಯ ಹಂಚು ಇಳಿಸುತ್ತಾರೆ, ತೋಟಕ್ಕೆ ಮತ್ತೆ ನಮ್ಮ ಕತ್ತಿ ಮುಟ್ಟುವ ಹಾಗಿಲ್ಲ, ಹತ್ತು ಮಳೆಗಾಲದಲ್ಲಿ ಅಂಗಳದಲ್ಲಿ ಮರ ಎದ್ದಿರುತ್ತದೆ. ಹಿಂತಿರುಗಲಾರದ ಆಯ್ಕೆಗೂ ಹಿಂತಿರುಗಬಹುದಾದ ಆಯ್ಕೆಗೂ ಒಂದೇ ಹೆಸರು ಕೊಡುವುದು ಸರಿಯಲ್ಲ. ಮೊದಲನೆಯದಕ್ಕೆ ಇನ್ನೂ ಹೆಚ್ಚಿನ ಸಮಯ, ಹೆಚ್ಚಿನ ಮಾತು, ಹೆಚ್ಚಿನ ಅನುಮಾನ ಬೇಕು.

ಅಣ್ಣನಿಗೆ ಇದನ್ನೇ ಹೇಳಿದೆ, ಮುಂದಿನ ಫೋನಿನಲ್ಲಿ. ಅವನು ಕೇಳಿಸಿಕೊಂಡು, "ಹೌದು, ನಿನಗೆ ವಾಪಸ್ ಬರೋಕೆ ಮನೆ ಬೇಕು. ಅದಕ್ಕೆ ನಾನು ಇಲ್ಲಿರಬೇಕು" ಎಂದ. ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಅವನಿಗೆ ಐವತ್ತೆಂಟು. ಮಂಡಿ ಸವೆದಿದೆ. ಕೊನೆ ಕೊಯ್ಯುವವರು ಸಿಗುವುದಿಲ್ಲ, ಮಂಗಗಳು ಏಲಕ್ಕಿ ಬಿಟ್ಟಿಲ್ಲ, ಕಾಡುಕೋಣ ಗದ್ದೆ ಬಿಟ್ಟಿಲ್ಲ. ಮಗನಿಗೆ ಮೂವತ್ತೊಂದು, ಈ ದಾರಿ ನಡೆದು ಬರುವ ಹೆಣ್ಣು ಸಿಕ್ಕಿಲ್ಲ. ಅತ್ತಿಗೆ ಒಮ್ಮೆ ಹೇಳಿದ್ದರು: "ನೀವು ಬಂದಾಗ ನಾಲ್ಕು ದಿನ ಎಷ್ಟು ಚೆಂದ ಅಂತೀರಿ. ಐದನೇ ದಿನ ನಿಮಗೆ ರೈಲಿರುತ್ತೆ." ತೇಜಸ್ವಿಯವರನ್ನು ಓದಿಕೊಂಡು ಬೆಳೆದ ನಾವು, ನಗರದಲ್ಲಿ ಕೂತು ಕಾಡಿನವರ ಪರವಾಗಿ ಮಾತಾಡುವಾಗ, ಕಾಡಿನವರು ಬದಲಾಗಬಾರದು ಎಂಬ ಆಸೆಯೂ ಅದರಲ್ಲಿ ಸೇರಿಕೊಂಡಿರುತ್ತದೆ. ಉದ್ಯಾನದ ಗಡಿ ಎಳೆದವರು ಪ್ರಾಣಿಗಳಿಗೆ ಮಾಡಿದ್ದನ್ನು ನಾನು ಅಣ್ಣನಿಗೆ ಮಾಡಲು ಹೊರಟಿದ್ದೆ. ಅವನು ಇದ್ದ ಹಾಗೇ ಇರಲಿ, ನಾನು ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತೇನೆ. ಪ್ರವಾಸಿಯ ಸ್ವಾರ್ಥ ಇದಕ್ಕಿಂತ ಬೇರೆ ಏನು?

ಹಾಗಾದರೆ ಕಾಡಿಗೆ ಏನು ಬೇಕು? ನಮ್ಮ ಆರು ಮನೆ ಹೋದರೆ ಅದಕ್ಕೆ ಒಳ್ಳೆಯದಾಗುತ್ತದೆಯೇ?

ಭದ್ರಾದ ಕಥೆ ನನ್ನ ಕಡೆಯ ಗೆಳೆಯರಿಗೆ ಇಷ್ಟವಾಗುವುದಿಲ್ಲ, ಆದರೆ ಅದನ್ನು ಬಿಟ್ಟು ಮಾತಾಡುವುದು ಅಪ್ರಾಮಾಣಿಕ. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಒಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ಅವರಿಗೆ ಜಮೀನು ಸಿಕ್ಕಿತು. ಎಂ.ಸಿ. ಹಳ್ಳಿಯದು ನೀರಾವರಿ ಜಮೀನು. ಹೋಗಬೇಕೆಂದು ಅಲ್ಲಿಯ ಜನರೇ ವರ್ಷಗಟ್ಟಲೆ ಕೇಳಿಕೊಂಡಿದ್ದರು. ಹೋದವರ ಮಕ್ಕಳು ಓದಿದರು, ಬಿಟ್ಟುಹೋದ ಗದ್ದೆಗಳಲ್ಲಿ ಹುಲ್ಲು ಬೆಳೆದು ಜಿಂಕೆ, ಕಾಡುಕೋಣ ಮೇಯತೊಡಗಿದವು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರ ಯಾವುದು ಎಂದರೆ ಇಂದಿಗೂ ಭದ್ರಾದ ಹೆಸರನ್ನೇ ಹೇಳುತ್ತಾರೆ. ಜಮೀನಿಗೆ ಜಮೀನು ಕೊಟ್ಟರು, ಊರಿಗೆ ಊರೇ ಒಟ್ಟಿಗೆ ಹೋಯಿತು. ನಮಗೆ ಈಗ ಹೇಳುತ್ತಿರುವುದು ಹಣ. ಹಣದ ಜೊತೆ ಊರು ಬರುವುದಿಲ್ಲ. ಆರು ಮನೆ ಆರು ದಿಕ್ಕಿಗೆ ಹೋಗುತ್ತದೆ.

ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿಯ ಸೋಲಿಗರು ಬೇಸಿಗೆಯ ಮೊದಲೇ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದೇ ಅದಕ್ಕೆ ಹೆಸರು. ಕಾಡು ಸುಡುತ್ತಾರೆ ಎಂದು ಅದನ್ನು ನಿಲ್ಲಿಸಿದರು. ಆಮೇಲೆ ಲಂಟಾನ ಕಾಡಿನ ನೆಲವನ್ನೆಲ್ಲ ಮುಚ್ಚಿಕೊಂಡಿತು, ಬೆಂಕಿ ಬಿದ್ದರೆ ಮರದ ತಲೆಯವರೆಗೂ ಹೋಗುವ ಹಾಗಾಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಾರೆ; ಅದನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಲ್ಲಿ ಕೆಲವರೂ ಆ ಮಾತಿನಲ್ಲಿ ಹುರುಳಿದೆ ಎನ್ನುತ್ತಾರೆ. 2011ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಯೋಜನೆಯ ಕಾಡೊಂದರೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸೋಲಿಗರು ಅಲ್ಲೇ ಇದ್ದಾರೆ, ಹುಲಿಯೂ ಇದೆ.

ಎರಡೂ ಕಾಡು, ಎರಡೂ ಕರ್ನಾಟಕ, ಎರಡು ಉತ್ತರ. ಹಾಗಾಗಿ "ಜನ ಹೋದರೆ ಮಾತ್ರ ಕಾಡು" ಎಂಬ ಮಾತನ್ನೂ "ಜನರಿದ್ದರೆ ಮಾತ್ರ ಕಾಡು" ಎಂಬ ಮಾತನ್ನೂ ನಾನು ನಂಬುವುದಿಲ್ಲ. ಎಲ್ಲಿಯ ಕಾಡು, ಎಷ್ಟು ಜನ, ಏನು ಮಾಡುತ್ತಾರೆ ಎಂದು ಕೇಳದೆ ಕೊಟ್ಟ ಉತ್ತರ ತಪ್ಪಾಗಿರುತ್ತದೆ. ನಮ್ಮ ಬಗ್ಗೆಯೇ ಹೇಳುವುದಾದರೆ, ನಾವು ಸೋಲಿಗರಲ್ಲ. ಸೊಪ್ಪು ಕಡಿದಿದ್ದೇವೆ, ಅಜ್ಜನ ಕೋವಿಗೆ ಬಿದ್ದ ಕಾಡುಹಂದಿಗಳ ಲೆಕ್ಕ ಇಟ್ಟಿಲ್ಲ, ತೋಟವನ್ನು ವರ್ಷಕ್ಕೆ ಒಂದು ಸಾಲು ಮೇಲಕ್ಕೆ ಸರಿಸಿದ್ದೇವೆ.

ಆದರೆ ಆ ಒಂದು ಸಾಲು ಅಡಿಕೆಗೆ ಮಹಜರು ಬರೆಯುತ್ತಿದ್ದ ಕಾಲದಲ್ಲೇ, ಅದೇ ಉದ್ಯಾನದ ನಡುವೆ, ಒಂದಿಡೀ ಗುಡ್ಡವನ್ನು ಅಗೆಯುತ್ತಿದ್ದರು ಎಂಬುದನ್ನು ಮರೆಯುವುದು ಹೇಗೆ? ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು 1976ರಲ್ಲಿ, ಇರಾನಿಗೆ ಅದಿರು ಕೊಡಲೆಂದು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆ ಬಂದ ಮೇಲೂ ಗಣಿ ನಡೆಯಿತು. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿನವರೆಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತಿಗೂ ಇದೆ. ಭದ್ರೆಯ ನೀರು ಕೆಂಪಾಗುವುದನ್ನು ನೋಡುತ್ತ ನಾವು ಬೆಳೆದೆವು. 2002ರಲ್ಲಿ ಸುಪ್ರೀಂ ಕೋರ್ಟು ಹೇಳಿ, 2005ರ ಕೊನೆಗೆ ಅದು ನಿಂತಿತು. ನಿಲ್ಲಿಸಲು ಹೋರಾಡಿದವರು ಪರಿಸರವಾದಿಗಳು, ಅವರಿಗೆ ನಾನು ಋಣಿ. ನಾಗರಹೊಳೆಯಲ್ಲೂ ಹೀಗೇ ಆಯಿತು. ಜೇನು ಕುರುಬರು ಹೊರಗೆ ಹೋಗಬೇಕು ಎನ್ನುತ್ತಿದ್ದ ಕಾಲದಲ್ಲೇ ಕಾಡಿನೊಳಗೆ ದೊಡ್ಡ ಹೋಟೆಲು ಏಳುತ್ತಿತ್ತು. ಆದಿವಾಸಿಗಳೇ ಕೋರ್ಟಿಗೆ ಹೋಗಿ 1997ರಲ್ಲಿ ಅದನ್ನು ನಿಲ್ಲಿಸಿದರು. ಕಾಡಿಗಾಗಿ ತ್ಯಾಗ ಮಾಡು ಎನ್ನುವವನು ಆ ಮಾತನ್ನು ಮೊದಲು ಯಾರಿಗೆ ಹೇಳುತ್ತಾನೆ ಎಂಬುದರಲ್ಲಿ ನ್ಯಾಯದ ಅರ್ಧ ಪ್ರಶ್ನೆ ಇದೆ.

ಬೋರಿವಲಿಗೇ ಬರುತ್ತೇನೆ. ನಾನು ವಾಕಿಂಗ್ ಹೋಗುವ ಈ ಉದ್ಯಾನ ನೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಸುತ್ತ ಮೂರು ಕಡೆ ನಗರ. ಒಳಗಿರುವ ವಿಹಾರ್, ತುಳಸಿ ಕೆರೆಗಳ ನೀರು ಈಗಲೂ ಮುಂಬೈಗೆ ಹೋಗುತ್ತದೆ. 1995ರಲ್ಲಿ ಒಂದು ಪರಿಸರ ಸಂಸ್ಥೆ ಹೈಕೋರ್ಟಿಗೆ ಹೋಯಿತು. 1997ರಲ್ಲಿ ಒಳಗಿನ ಗುಡಿಸಲುಗಳನ್ನು ತೆಗೆಯಬೇಕೆಂದು ಆದೇಶ ಬಂತು. ಸಾವಿರಾರು ಮನೆ ಬಿದ್ದವು, ಅನೇಕರಿಗೆ ಚಾಂದಿವಲಿಯ ಕಟ್ಟಡಗಳಲ್ಲಿ ಮನೆ ಸಿಕ್ಕಿತು, ಎಷ್ಟೋ ಜನರಿಗೆ ಸಿಗಲಿಲ್ಲ. ಅದು ನಾನು ಮುಂಬೈಗೆ ಬಂದ ಹೊಸದು. ಪತ್ರಿಕೆಯಲ್ಲಿ ಓದಿ, ಕಾಡು ಉಳಿಯಿತಲ್ಲ ಎಂದುಕೊಂಡಿದ್ದೆ. ಅದೇ ಹೊತ್ತಿಗೆ ಊರಿನಲ್ಲಿ ಉದ್ಯಾನದ ವಿರುದ್ಧ ಸಭೆಗಳು ನಡೆಯುತ್ತಿದ್ದವು, ಅಪ್ಪಯ್ಯ ಅದಕ್ಕೆ ಹೋಗುತ್ತಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ನನಗೆ ಇರಲಿಲ್ಲ.

ಈ ಉದ್ಯಾನದ ಚಿರತೆಗಳ ಬಗ್ಗೆ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದಿಲ್ಲ. 2004ರ ಸುಮಾರಿಗೆ ಇಲ್ಲಿ ಹಲವರು ಚಿರತೆಗೆ ಬಲಿಯಾದರು. ಕಾರಣಗಳಲ್ಲಿ ಒಂದು ಎಂದು ಆಮೇಲೆ ಜನ ಬೊಟ್ಟು ಮಾಡಿದ್ದು, ಬೇರೆ ಕಡೆ ಹಿಡಿದ ಚಿರತೆಗಳನ್ನು ಕಾಡು ಇದೆಯಲ್ಲ ಎಂದು ತಂದು ಬಿಡುತ್ತಿದ್ದುದನ್ನು. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ವಿದ್ಯಾ ಅತ್ರೇಯ ಅವರು ಮಾಡಿದ ಅಧ್ಯಯನವೂ ಇದನ್ನೇ ತೋರಿಸಿತು: ಕಬ್ಬಿನ ಗದ್ದೆಯಲ್ಲಿ ತನ್ನ ಪಾಡಿಗಿದ್ದ ಚಿರತೆಯನ್ನು ಹಿಡಿದು ದೂರದ ಕಾಡಿಗೆ ಒಯ್ದು ಬಿಟ್ಟರೆ, ಬಿಟ್ಟ ಜಾಗದ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚುತ್ತದೆ. ಗುರುತಿಲ್ಲದ ನೆಲದಲ್ಲಿ ಅದಕ್ಕೆ ದಿಕ್ಕು ತಪ್ಪುತ್ತದೆ. ಚಿರತೆಗೂ ನಮಗೂ ಕಾಗದದಲ್ಲಿ ಬಳಸುವ ಪದ ಒಂದೇ, ಸ್ಥಳಾಂತರ. ಚಿರತೆಯ ವಿಷಯದಲ್ಲಿ ಈಗ ಪಾಠ ಕಲಿತಿದ್ದಾರೆ, ಸುಮ್ಮನೆ ಹಿಡಿದು ಒಯ್ಯುವುದು ಬೇಡ ಎನ್ನುತ್ತಾರೆ.

ಅವತ್ತು ಅಣ್ಣನ ಫೋನು ಇಟ್ಟ ಮೇಲೆ ಗೇಟಿನ ಹತ್ತಿರ ಎಲೆಯ ಮೇಲೆ ಕರವಂದ ಮಾರುತ್ತಿದ್ದ ವಾರಲಿ ಹೆಂಗಸಿನಿಂದ ಹತ್ತು ರೂಪಾಯಿಯ ಹಣ್ಣು ಕೊಂಡೆ. ನಮ್ಮ ಕವಳೆ ಹಣ್ಣೇ ಅದು. ಅದೇ ಘಟ್ಟ, ಅದೇ ಹಾಲು, ಅದೇ ಅಂಟು. ಅವರ ಪಾಡಾ ಉದ್ಯಾನದ ಒಳಗಿದೆ. ಚಿರತೆಯ ಹೆದರಿಕೆ ಇಲ್ಲವೇ ಎಂದು ಕೇಳಿದೆ. ವಾಘೋಬಾಗೆ ನಾವು ನಡೆದುಕೊಳ್ಳುತ್ತೇವೆ ಎಂದರು. ಆಮೇಲೆ, "ಅವನೂ ಇಲ್ಲಿಯವನು, ನಾವೂ ಇಲ್ಲಿಯವರು. ನೀವು ಎಲ್ಲಿಯವರು?" ಎಂದು ಕೇಳಿದರು. ಕರ್ನಾಟಕ ಎಂದೆ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗಲಿಲ್ಲ.

ನಮ್ಮಲ್ಲೂ ತೋಟದ ಮೇಲಿನ ತುದಿಯಲ್ಲಿ ಹುಲಿದೇವರ ಕಲ್ಲು ಇದೆ. ವರ್ಷಕ್ಕೊಮ್ಮೆ ಕೋಳಿ ಕೊಟ್ಟು, ದನ ಬಿಡು ಎಂದು ಕೇಳಿಕೊಳ್ಳುತ್ತೇವೆ. ಹುಲಿಗೆ ತನ್ನ ಪಾಲು ಇದೆ ಎಂಬುದು ಅಜ್ಜನಿಗೆ ಯಾವ ಕಾಯ್ದೆಯೂ ಕಲಿಸಿದ್ದಲ್ಲ. ಖಾತೆ ನಮ್ಮ ಇಬ್ಬರ ಹೆಸರಿನಲ್ಲಿದ್ದರೂ ಅದರಲ್ಲಿ ಹೆಸರು ಬರೆಯದ ಪಾಲುದಾರರು ಮೊದಲಿನಿಂದಲೂ ಇದ್ದರು: ಹುಲಿ, ಸಿಂಗಳೀಕ, ಏಲಕ್ಕಿ ತಿನ್ನುವ ಮಂಗ. ಸಹಿ ಮಾಡಲಾರದವರು. ಅವರ ಪರವಾಗಿ ಯಾರೋ ಮಾತಾಡಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಾಗೆ ಮಾತಾಡುವವರು ತಮ್ಮ ಪಾಲನ್ನೂ ಬಿಡಲು ತಯಾರಿರಬೇಕು ಎಂದಷ್ಟೇ ನನ್ನ ತಕರಾರು. ಇದು ನನಗೂ ಅನ್ವಯಿಸುತ್ತದೆ. ಅರ್ಧ ಪರಿಹಾರ ಕಾನೂನಿನ ಪ್ರಕಾರ ನನ್ನದು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಂಕಕ್ಕೂ ಹೆಗಲು ಕೊಡದವನದು.

ಕಳೆದ ವಾರ ಮತ್ತೆ ಮಾತಾಡಿದೆವು. ಹಣ ಪೂರ್ತಿ ನಿನ್ನದು, ನನ್ನ ಹೆಸರಿನದ್ದೂ ನಿನಗೇ ಬರೆದುಕೊಡುತ್ತೇನೆ ಎಂದೆ. "ಅದು ಆಮೇಲೆ ನೋಡೋಣ" ಎಂದ. ಆರೂ ಮನೆಯವರು ಒಂದೇ ಕಡೆ ಜಮೀನು ಸಿಗುವ ಹಾಗಿದ್ದರೆ ಮಾತ್ರ ಒಟ್ಟಿಗೆ ಅರ್ಜಿ ಕೊಡೋಣ, ಹಣ ಬೇಡ ಎಂದು ಮಲೆಕುಡಿಯರ ಮನೆಯವರು ಹೇಳಿದ್ದಾರಂತೆ. ಅದಕ್ಕೆ ಎರಡು ಮನೆಯವರು ಒಪ್ಪಿಲ್ಲ. ಅಣ್ಣ ಇನ್ನೂ ಯಾವ ಕಡೆಗೂ ಹೇಳಿಲ್ಲ. ಸರ್ವೆಯವರು ಬಂದು ಅಡಿಕೆ ಮರ, ಹಲಸು, ಕಾಫಿ ಗಿಡ, ಕೊಟ್ಟಿಗೆಯ ಹಂಚು ಎಲ್ಲ ಎಣಿಸಿ ಬರೆದುಕೊಂಡು ಹೋದರಂತೆ. ಹುಲಿದೇವರ ಕಲ್ಲನ್ನು ಏನು ಮಾಡುತ್ತೀಯ, ಹೊಸ ಜಾಗಕ್ಕೆ ಒಯ್ಯುತ್ತೀಯಾ ಎಂದು ಕೇಳಿದೆ.

"ಕಲ್ಲು ಯಾಕೆ ಒಯ್ಯಲಿ. ಹುಲಿ ಇಲ್ಲೇ ಇರುತ್ತಲ್ಲ" ಎಂದ.

ಜೂನ್ ಮೊದಲ ವಾರದ ಮತ್ಸ್ಯಗಂಧಕ್ಕೆ ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದೆ. ಸಿಕ್ಕಿದರೆ, ಸಂಕ ಹಾಕುವ ದಿನಕ್ಕೆ ಸರಿಯಾಗಿ ಊರು ತಲುಪುತ್ತೇನೆ.